ಮೇಲ್ಬಾಣ ಒತ್ತಿದರೆ ಚೌಕ ಆವರಣ ಬರುತ್ತದೆ, ಏನು ಮಾಡಲಿ?

ಕೇಳಿದವರು, ವಿಜಯನಗರ:
ಉಬುಂಟು ಲ್ಯಾಪ್‌ಟಾಪ್‌ಗೆ ಪೈಥಾನ್ 3.11 ಅನ್ನು ನಾನೇ ಕಂಪೈಲ್ ಮಾಡಿ, ಅಂದರೆ ಮೂಲ ಕೋಡಿನಿಂದ ಕಟ್ಟಿ, ಹಾಕಿಕೊಂಡೆ. ಪ್ರೋಗ್ರಾಂಗಳೇನೋ ಸರಿಯಾಗಿ ಓಡುತ್ತವೆ. ಆದರೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಪೈಥಾನ್ ತೆರೆದು, ಹಿಂದಿನ ಸಾಲು ಬೇಕೆಂದು ಮೇಲ್ಬಾಣ ಒತ್ತಿದರೆ ಒಂದು ಟೋಪಿ ಗುರುತು (^), ಎರಡು ಚೌಕ ಆವರಣ, ಒಂದು ಎ ಮೂಡುತ್ತವೆ. ಎಡಬಾಣಕ್ಕೆ ಎ ಬದಲು ಡಿ. ಸೋಮವಾರ ಲ್ಯಾಬ್ ಪರೀಕ್ಷೆ, ಅಭ್ಯಾಸ ನಿಂತೇಹೋಗಿದೆ. ಯಾರಿಗಾದರೂ ಹೀಗಾಗಿತ್ತೇ?

ಬಸವನಗುಡಿಯಿಂದ:
ಆಗಿತ್ತು, ಎರಡು ಸಲ. ಕೀಲಿಮಣೆಯ ತಪ್ಪಲ್ಲ. ಬಾಣದ ಕೀಲಿಗೆ ಟರ್ಮಿನಲ್ ಕಳಿಸುವುದೇ ಮೂರು ಅಕ್ಷರ: 27ನೇ ಸಂಖ್ಯೆಯ ಎಸ್ಕೇಪ್, ಒಂದು ಆವರಣ, ಒಂದು ಎ. ನಿಮಗೆ ಕಾಣುವ ಟೋಪಿ ಮತ್ತು ಮೊದಲ ಆವರಣ ಸೇರಿದರೆ ಆ ಎಸ್ಕೇಪ್. ಇದನ್ನು ‘ಹಿಂದಿನ ಸಾಲು ಕೊಡು’ ಎಂದು ಅರ್ಥ ಮಾಡಿಕೊಳ್ಳುವುದು ರೀಡ್‌ಲೈನ್ ಎಂಬ ಲೈಬ್ರರಿ. ಅದಿಲ್ಲದಿದ್ದರೆ ಬಂದದ್ದು ಬಂದ ಹಾಗೆಯೇ ಪರದೆಗೆ ಬೀಳುತ್ತದೆ.

ಪೈಥಾನ್ ಒಳಗೆ ‘ಇಂಪೋರ್ಟ್ ರೀಡ್‌ಲೈನ್’ ಕೊಟ್ಟು ನೋಡಿ. ಅಂಥ ಮಾಡ್ಯೂಲ್ ಇಲ್ಲವೆಂದರೆ ರೋಗ ಸಿಕ್ಕಿತು. ಲಿಬ್‌ರೀಡ್‌ಲೈನ್-ಡೆವ್ ಪ್ಯಾಕೇಜ್ ಹಾಕಿ, ಪೈಥಾನ್ ಕಟ್ಟುವ ಕಾನ್ಫಿಗರ್, ಮೇಕ್, ಇನ್‌ಸ್ಟಾಲ್ ಹಂತ ಮೂರನ್ನೂ ಮತ್ತೆ ನಡೆಸಿ. ಪ್ಯಾಕೇಜ್ ಹಾಕಿದರಷ್ಟೇ ಸಾಲದು. ನಾನು ಮೊದಲ ಸಲ ಅಲ್ಲಿಗೇ ನಿಲ್ಲಿಸಿ ಅರ್ಧ ದಿನ ಒದ್ದಾಡಿದೆ. ಕಟ್ಟಲಾಗದ ಐಚ್ಛಿಕ ಮಾಡ್ಯೂಲ್‌ಗಳ ಪಟ್ಟಿಯೊಂದು ಮೇಕ್‌ನ ಕೊನೆಯಲ್ಲಿ ಬರುತ್ತದೆ. ಕಾಫಿಗೆ ಎದ್ದು ಹೋಗದೆ ಅದನ್ನು ಓದಿ. ಅಷ್ಟು ಸಮಯವಿಲ್ಲದಿದ್ದರೆ ಬೇರೆ ಪ್ರೋಗ್ರಾಂಗೆ ಹೊರಗಿನಿಂದ ರೀಡ್‌ಲೈನ್ ಒದಗಿಸುವ ಆರ್‌ಎಲ್‌ವ್ರ್ಯಾಪ್ ಹಾಕಿಕೊಂಡು, ಪೈಥಾನ್ ಆಜ್ಞೆಗೆ ಮೊದಲು ಆ ಹೆಸರು ಬರೆದು ಓಡಿಸಿ. ಸೋಮವಾರ ದಾಟುತ್ತದೆ.

ವೈಟ್‌ಫೀಲ್ಡ್‌ನಿಂದ:
ಬಾಣಕ್ಕೆ ಸಂಬಂಧವಿಲ್ಲ, ಆದರೆ ಇಂದಲ್ಲ ನಾಳೆ ನಿಮಗೂ ಎದುರಾಗುತ್ತದೆ: ಕಂಟ್ರೋಲ್-ಎಸ್ ಒತ್ತಿದರೆ ಟರ್ಮಿನಲ್ ಕಲ್ಲಾಗಿ ಕೂರುತ್ತದೆ. ಫೈಲ್ ಉಳಿಸುವ ಅಭ್ಯಾಸಬಲದಿಂದ ಒತ್ತುವುದು, ಕೆಟ್ಟಿತೆಂದು ಮುಚ್ಚುವುದು, ಮೊದಲಿನಿಂದ ಶುರು ಮಾಡುವುದು. ಒಂದು ತಿಂಗಳು ನನ್ನದು ಇದೇ ಪಾಡು. ಕೊನೆಗೆ ಪಕ್ಕದ ಮೇಜಿನ ಹಿರಿಯರೊಬ್ಬರು ಮಾತಿಲ್ಲದೆ ಕೈಚಾಚಿ ಕಂಟ್ರೋಲ್-ಕ್ಯೂ ಒತ್ತಿದರು. ಅಲ್ಲಿಯವರೆಗೆ ಟೈಪ್ ಮಾಡಿದ್ದೆಲ್ಲ ದಬದಬನೆ ಸುರಿಯಿತು. ಈ ಎರಡೂ ಟೆಲಿಪ್ರಿಂಟರ್ ಕಾಲದಿಂದ ಬಂದ ‘ತಡೆ, ಬಿಡು’ ಸಂಜ್ಞೆಗಳು. ಬೇಡವಾದರೆ, ಟರ್ಮಿನಲ್ ತೆರೆದಾಗ ತಾನಾಗಿ ಓಡುವ ಬ್ಯಾಷ್‌ಆರ್‌ಸಿ ಫೈಲಿಗೆ ‘ಎಸ್‌ಟಿಟಿವೈ -ಐಎಕ್ಸ್‌ಆನ್’ ಸೇರಿಸಿ. ಎಸ್‌ಟಿಟಿವೈ ಎಂದರೆ ಟರ್ಮಿನಲ್‌ನ ವರ್ತನೆ ಹೊಂದಿಸುವ ಆಜ್ಞೆ.

ಚಾಮರಾಜಪೇಟೆಯಿಂದ:
ಸರ್ವರ್‌ನ ಹಳೆಯ ಪ್ರೋಗ್ರಾಂ ಒಂದರಲ್ಲಿ ಬ್ಯಾಕ್‌ಸ್ಪೇಸ್ ಅಳಿಸುವ ಬದಲು ಟೋಪಿ ಮತ್ತು ಪ್ರಶ್ನಾರ್ಥಕ ಚಿಹ್ನೆ ಬರೆಯುತ್ತಿತ್ತು. ನಾನು ಎಸ್.ಪಿ. ರಸ್ತೆಗೆ ಹೋಗಿ ಹೊಸ ಕೀಲಿಮಣೆಯನ್ನೇ ಕೊಂಡುತಂದೆ. ಅದೂ ಅದನ್ನೇ ಬರೆಯಿತು! ಪ್ರೋಗ್ರಾಂ ತೆರೆಯುವ ಮುಂಚೆ ‘ಎಸ್‌ಟಿಟಿವೈ ಇರೇಸ್’ ಎಂದು ಬರೆದು, ಒಂದು ಜಾಗ ಬಿಟ್ಟು, ಕಂಟ್ರೋಲ್-ವಿ, ಬ್ಯಾಕ್‌ಸ್ಪೇಸ್, ಎಂಟರ್ ಒತ್ತಿದರೆ ಮುಗಿಯುತ್ತಿತ್ತು.

ಮಲ್ಲೇಶ್ವರದಿಂದ:
ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು. ‘ಸಾಫ್ಟ್‌ವೇರ್’ ಬರೆಯುವಾಗ ‘ವೇ’ ಒತ್ತಕ್ಷರವಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕುತ್ತೇವೆ. ಉದ್ಧರಣ ಚಿಹ್ನೆಯೊಳಗಿದ್ದರೆ ಪೈಥಾನ್ ಚಕಾರವೆತ್ತುವುದಿಲ್ಲ. ನಕಲು ಮಾಡಿ ಅಂಟಿಸುವಾಗ ಅದು ಹೊರಗೆ ಬಿದ್ದರೆ ‘ಮುದ್ರಿಸಲಾಗದ ಅಕ್ಷರ ಯು+200ಸಿ’ ಎಂದು ಆ ಅಕ್ಷರದ ಯೂನಿಕೋಡ್ ಸಂಖ್ಯೆ ಹೇಳಿ ದೂರುತ್ತದೆ. ಎಷ್ಟು ದಿಟ್ಟಿಸಿದರೂ ಸಾಲಿನಲ್ಲಿ ಏನೂ ಕಾಣದು. ಇಡೀ ಸಾಲು ಅಳಿಸಿ ಕೈಯಾರೆ ಮತ್ತೆ ಟೈಪ್ ಮಾಡುವುದೇ ನನ್ನ ಮದ್ದು.

ಕೇಳಿದವರು, ವಿಜಯನಗರ:
ಪ್ಯಾಕೇಜ್ ಹಾಕಿ ಮತ್ತೆ ಕಟ್ಟಿದೆ. ಈ ಸಲ ಪಟ್ಟಿಯಲ್ಲಿ ರೀಡ್‌ಲೈನ್ ಇಲ್ಲ, ಕಿಟಕಿ, ಗುಂಡಿಗಳಿರುವ ಪ್ರೋಗ್ರಾಂ ಬರೆಯಲು ಬೇಕಾಗುವ ಟಿಕಿಂಟರ್ ಮಾತ್ರ ಇದೆ. ಅದು ನನಗೆ ಬೇಡ. ಮೇಲ್ಬಾಣಕ್ಕೆ ಹಿಂದಿನ ಸಾಲು ಬಂತು. ವೈಟ್‌ಫೀಲ್ಡ್‌ನವರೇ, ಕಂಟ್ರೋಲ್-ಎಸ್ ಕೂಡ ಒತ್ತಿ ನೋಡಿದೆ. ಗೊತ್ತಿದ್ದೇ ಒತ್ತಿದರೂ ಎದೆ ಧಸಕ್ಕೆಂದಿತು.