ಬೋರ್ಡೋ ‘ದ್ರಾವಣ’ ಸರಿಯೆ? ‘ಕದಡು’ ಎನ್ನಬಹುದೆ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೊದಲ ವರ್ಷದವರ ಪ್ರಯೋಗಾಲಯಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇವೆ. ಪ್ರತಿ ಪ್ರಯೋಗವೂ ಮನೆ, ತೋಟದ ಪ್ರಶ್ನೆಯಿಂದಲೇ ಶುರುವಾಗಬೇಕೆಂಬುದು ಆಸೆ. ಎಲೆಯಡಿಕೆಗೆ ಸುಣ್ಣ ಸೇರಿದರೆ ಬಾಯಿ ಯಾಕೆ ಕೆಂಪಾಗುತ್ತದೆ? ಗಡಸು ನೀರಿಗೆ ಸೋಪು ಯಾಕೆ ನೊರೆ ಬಿಡುವುದಿಲ್ಲ? ತೋಟದ ಔಷಧಿ ಹದವಾಗಿದೆಯೇ ಎಂದು ನೋಡಲು ಅದಕ್ಕೆ ಕತ್ತಿ ಯಾಕೆ ಅದ್ದುತ್ತಾರೆ? ನನ್ನ ತೊಡಕು ಇರುವುದು ಈ ಮೂರನೆಯದರಲ್ಲಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಲೆನಾಡಿನವರಿಗೆ ಹೊಸದಲ್ಲ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಬೇಕು, 1 ಕೆಜಿ ಸುಣ್ಣ ಅರಳಿಸಿ ಇನ್ನೊಂದು 50 ಲೀಟರಿನಲ್ಲಿ ಕಲಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಶೇ. 1ರ ಬೋರ್ಡೋ ಸಿದ್ಧ. ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮದ್ದಿದು. ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. (‘ಕೊಳೆರೋಗ’ ಎಂಬ ನಮ್ಮ ಮಾತು ಸಸ್ಯರೋಗಶಾಸ್ತ್ರದ ಪುಸ್ತಕಗಳಿಗೆ ಹಾಗೆಯೇ ಹೋಗಿದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ಕೊಟ್ಟ ಒಂದು ವೈಜ್ಞಾನಿಕ ಹೆಸರಿನಲ್ಲೂ ಅದಿದೆ. ಇದು ನನಗೆ ಬಹಳ ಹೆಮ್ಮೆಯ ಸಂಗತಿ.)

ಕರಪತ್ರ, ಪತ್ರಿಕೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ‘ಬೋರ್ಡೋ ದ್ರಾವಣ’ ಎನ್ನುತ್ತಾರೆ. ನಮ್ಮ ಮಕ್ಕಳು ಹೈಸ್ಕೂಲಿನಲ್ಲೇ ದ್ರಾವಣವೆಂದರೆ ಸಮರೂಪ ಮಿಶ್ರಣ, ಇಟ್ಟರೆ ತಳಕ್ಕೆ ಕೂರುವುದಿಲ್ಲ, ಸೋಸಿದರೆ ಬೇರೆಯಾಗುವುದಿಲ್ಲ ಎಂದು ಕಲಿತು ಬಂದವರು. ಬೀಕರಿನಲ್ಲಿ ಒಂದೊಂದು ಗ್ರಾಂ ತೆಗೆದುಕೊಂಡು ಮಾಡಿಸಿದಾಗ ಅವರ ಕಣ್ಣಿಗೆ ಬೀಳುವುದು ಬೇರೆಯೇ. ನೀಲಿ ನೀರು ಸುಣ್ಣದ ನೀರಿಗೆ ಬೀಳುತ್ತಿದ್ದಂತೆ ಗಂಜಿಯ ಹಾಗೆ ಮಂದವಾದ ಆಕಾಶನೀಲಿ ವಸ್ತು ಹುಟ್ಟುತ್ತದೆ. ಕಲಕದೆ ಬಿಟ್ಟರೆ ನೀಲಿಯೆಲ್ಲ ತಳಕ್ಕಿಳಿದು ಮೇಲೆ ಬಣ್ಣವಿಲ್ಲದ ತಿಳಿ ನಿಲ್ಲುತ್ತದೆ. ತಾಮ್ರ ನೀರಿನಲ್ಲಿ ಕರಗಿ ಉಳಿದಿಲ್ಲ ಎನ್ನಲು ಅಷ್ಟು ಸಾಕು.

ಕತ್ತಿ ಅದ್ದಿ ನೋಡುವುದೂ ಇದನ್ನೇ. ಸುಣ್ಣ ಕಡಿಮೆಯಾಗಿದ್ದರೆ ಕರಗಿದ ತಾಮ್ರ ಉಳಿದಿರುತ್ತದೆ. ತಿಕ್ಕಿ ಬೆಳಗಿದ ಕಬ್ಬಿಣದ ಅಲಗನ್ನು ಅದ್ದಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ, ಅಲಗು ಕೆಂಪಾಗುತ್ತದೆ. ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಸೇರಿಸದೆ ಹಾಗೇ ಹೊಡೆದರೆ ಎಳೆಯ ಭಾಗ ಸುಡುತ್ತದೆ. ಹದವಾದ ಬೋರ್ಡೋ ಸಣ್ಣ ಕಣಗಳಾಗಿ ಕಾಯಿಗೆ ಅಂಟಿ, ಮಳೆ, ಇಬ್ಬನಿಯ ನೀರಿಗೆ ಚೂರುಚೂರೇ ತಾಮ್ರ ಬಿಡುತ್ತದೆ. ಅಂದರೆ ನಿಜಕ್ಕೂ ದ್ರಾವಣವಾಗಿದ್ದರೆ ಅದು ಕೆಟ್ಟ ಬೋರ್ಡೋ! ಹೆಸರು ಹೇಳುವುದಕ್ಕೂ ವಸ್ತುವಿನ ಗುಣಕ್ಕೂ ನೇರ ವಿರೋಧ. ಪತ್ರಿಕೆಯ ಮಟ್ಟಿಗೆ ಇದನ್ನು ಒಪ್ಪಿಕೊಂಡೇನು, ಪ್ರಯೋಗಾಲಯದ ಕೈಪಿಡಿಯಲ್ಲಿ ಒಪ್ಪಲಾರೆ.

‘ಬೋರ್ಡೋ ಮಿಶ್ರಣ’ ತಪ್ಪಲ್ಲ, ಆದರೆ ಏನನ್ನೂ ಬಿಡಿಸಿ ಹೇಳುವುದಿಲ್ಲ. ಕಣಗಳು ಕರಗದೆ ತೇಲುವ ಮಿಶ್ರಣಕ್ಕೆ ‘ನಿಲಂಬನ’ ಎಂಬುದು ಪಠ್ಯದಲ್ಲಿದೆ, ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿಯುವುದಿಲ್ಲ. ನನಗೆ ಹೊಳೆದದ್ದು ‘ಕದಡು’. ಹೊಳೆಯ ನೀರು ಕದಡಿದೆ ಎಂದರೆ ಕಣಗಳು ಇನ್ನೂ ತೇಲುತ್ತಿವೆ, ಬಿಟ್ಟರೆ ತಿಳಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೊತೆಗೆ ಮೇಲಿನದಕ್ಕೆ ‘ತಿಳಿ’ ಸಿದ್ಧವಾಗಿಯೇ ಇದೆ. ತಳದ್ದಕ್ಕೆ ಮಾತ್ರ ‘ಗಷ್ಟು’, ‘ಗಸಿ’ ಎನ್ನಲು ಹಿಂಜರಿಕೆ. ಅವು ಮೊದಲೇ ಇದ್ದು ಕೆಳಗಿಳಿದ ವಸ್ತುವಿಗೆ ಹೊಂದುತ್ತವೆ. ಇಲ್ಲಿಯದು ಎರಡು ನೀರು ಕೂಡಿದಾಗ ಹೊಸದಾಗಿ ಹುಟ್ಟಿದ್ದು. ಹೀಗೆ ಹುಟ್ಟಿ ತಳಕ್ಕಿಳಿಯುವ ಕರಗದ ವಸ್ತುವಿಗೆ (ಇಂಗ್ಲಿಷಿನ ಪ್ರೆಸಿಪಿಟೇಟ್) ‘ಒತ್ತರ’ವನ್ನೇ ಇಟ್ಟುಕೊಳ್ಳುವ ಮನಸ್ಸಿದೆ, ‘ಪ್ರಕ್ಷೇಪ’ಕ್ಕಿಂತ ನಾಲಿಗೆಗೆ ಹಗುರ.

‘ಕದಡು’ ನಾಮಪದವಾಗಿ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ರಾಡಿ, ಕೊಳಕು ಎಂಬ ಛಾಯೆ ಮುಂದೆ ಬಂದು ನಿಲ್ಲುತ್ತದೆಯೆ? ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರಲ್ಲಿ ಇನ್ನೊಂದು ಕೇಳಿಕೆ: ಔಷಧಿ, ಮದ್ದು ಎಂಬ ಸಾಮಾನ್ಯ ಹೆಸರು ಬಿಟ್ಟು, ತುತ್ತ ಸುಣ್ಣ ಕೂಡಿ ಮಂದವಾದ ಆ ಸ್ಥಿತಿಗೇ ನಿಮ್ಮ ತೋಟದಲ್ಲಿ ಹಿರಿಯರು ಬಳಸುವ ಮಾತಿದ್ದರೆ, ಅದು ಯಾವ ಊರಿನದು ಎಂಬುದರ ಸಮೇತ ಬರೆಯಿರಿ. ‘ಕದಡು’ಗಿಂತ ಅದು ಚೆನ್ನಾಗಿದ್ದರೆ ಕೈಪಿಡಿಗೆ ಅದನ್ನೇ ಹಾಕುತ್ತೇವೆ.