ಸಹಾಯ ಬೇಕು: ಕಂಪನಿಗಳ ಪರಿಸರ ಕಾಳಜಿ ಮತ್ತು ಲಾಭದ ಲೆಕ್ಕ
ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವಳು, ಎಂ.ಕಾಂ. ಕೊನೆ ವರ್ಷ. ಪರಿಸರ, ಕಾರ್ಮಿಕರ ಬಗ್ಗೆ ಕಾಳಜಿ ಇರುವ ಕಂಪನಿಗಳಿಗೆ ಲಾಭವೂ ಜಾಸ್ತಿಯಾ ಅನ್ನೋದು ನನ್ನ ಪ್ರಾಜೆಕ್ಟ್.

ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಷೇರುಪೇಟೆ ಕಂಪನಿಗಳಿಗೆ ಬಿಆರ್‌ಎಸ್‌ಆರ್ ವರದಿ (ಪರಿಸರ, ಕಾರ್ಮಿಕರು, ಸಮಾಜಕ್ಕಾಗಿ ಏನು ಮಾಡಿದೆ ಅಂತ ಕಂಪನಿಯೇ ಕೊಡುವ ವಿವರ) ಕಡ್ಡಾಯ ಮಾಡಿದೆ. ಅದನ್ನು ಓದಿ 30 ಕಂಪನಿಗಳಿಗೆ ಅಂಕ ಕೊಟ್ಟೆ. ಅದೇ ವರ್ಷದ ಲಾಭದ ಜೊತೆ ಎಕ್ಸೆಲ್‌ನಲ್ಲಿ ಹೋಲಿಸಿದೆ. ಸಂಬಂಧ ಇದೆ ಅಂತ ಬಂತು. ಆದರೆ ದುಡ್ಡಿರುವ ದೊಡ್ಡ ಕಂಪನಿಯೇ ಇದಕ್ಕೆಲ್ಲ ಖರ್ಚು ಮಾಡಬಹುದು ಅಲ್ವಾ? ಕಾಳಜಿಯಿಂದ ಲಾಭವೋ, ಲಾಭದಿಂದ ಕಾಳಜಿಯೋ? ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕಾಳಜಿಯ ಫಲ ಸಿಗಲೂ ಸಮಯ ಬೇಕೇನೋ; ನಮ್ಮ ತೋಟದಲ್ಲೂ ಕಾಫಿ ಗಿಡ ನೆಟ್ಟ ವರ್ಷವೇ ಫಸಲು ಬರುವುದಿಲ್ಲ.

ಈ ವರ್ಷದ ಅಂಕವನ್ನು ಮುಂದಿನ ವರ್ಷದ ಲಾಭಕ್ಕೆ ಹೋಲಿಸಿ, ಕಂಪನಿಯ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕಾ? ಅಥವಾ ಇನ್ನೂ ಹೆಚ್ಚು ವರ್ಷಗಳ ಅಂತರ ಬೇಕಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.