ವಾಟ್ಸಾಪ್ ಕೈತಪ್ಪಿದೆ, ನನ್ನ ಹೆಸರಲ್ಲಿ ಗಿರಾಕಿಗಳ ಹತ್ತಿರ ಹಣ ಕೇಳುತ್ತಿದ್ದಾರೆ. ತುರ್ತು ಸಹಾಯ ಬೇಕು

ಖಾರಪುಡಿ_ಹಾವೇರಿ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ಮೆಣಸಿನಕಾಯಿ ಖಾರದ ಪುಡಿ, ಸಾಂಬಾರ್ ಪುಡಿ ಮಾಡಿ ಮಾರುತ್ತೇನೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ. ಇವತ್ತು ಮಧ್ಯಾಹ್ನ ನಮ್ಮ ಪಾರ್ಸೆಲ್ ಒಯ್ಯುವ ಟೆಂಪೋ ಅಣ್ಣನ ನಂಬರಿನಿಂದ 'ಆರ್‌ಟಿಒ ಚಲನ್' ಅಂತ ಒಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂತು. ಗೊತ್ತಿರುವ ನಂಬರ್. ನಮ್ಮ ಸ್ಕೂಟಿಗೆ ಹಿಂದೊಮ್ಮೆ ದಂಡವೂ ಬಿದ್ದಿತ್ತು. ಅದಕ್ಕೇ ತೆರೆದೆ.

ಪುಡಿ ಪ್ಯಾಕ್ ಮಾಡುತ್ತಿದ್ದೆ, ಕೈಯೆಲ್ಲ ಖಾರ. ಕಿರುಬೆರಳಲ್ಲೇ 'ಅನುಮತಿಸಿ', 'ಅನುಮತಿಸಿ' ಅಂತ ಒತ್ತುತ್ತಾ ಹೋದೆ. ಚಲನ್ ನೋಡಲು 1 ರೂಪಾಯಿ ಕಟ್ಟಿ ಅಂತ ಬಂತು. ಡೆಬಿಟ್ ಕಾರ್ಡ್ ನಂಬರ್, ಹಿಂದಿರುವ ಮೂರಂಕಿ ಎಲ್ಲ ಹಾಕಿದೆ. ಆಮೇಲೆ ಆ ಆ್ಯಪ್‌ನ ಐಕಾನೇ ಕಾಣಿಸಲಿಲ್ಲ.

ಸಂಜೆ ವಾಟ್ಸಾಪ್ ತಾನಾಗೇ ಲಾಗೌಟ್ ಆಯಿತು. ಗಿರಾಕಿಗಳು ಫೋನ್ ಮಾಡಿ "ಅಕ್ಕ, ಹೊಸ ಕ್ಯೂಆರ್ ಕಳಿಸಿದ್ದೀರಲ್ಲ, ಅಡ್ವಾನ್ಸ್ ಯಾಕೆ?" ಅಂತ ಕೇಳುತ್ತಿದ್ದಾರೆ. ಖಾತೆ ನೋಡಿದರೆ 18,500 ರೂಪಾಯಿ ಹೋಗಿದೆ, ಒಂದು ಮೆಸೇಜೂ ಬಂದಿಲ್ಲ. ವಾಟ್ಸಾಪ್ ಮತ್ತೆ ಹಾಕಿದರೆ ಐದು ನಿಮಿಷಕ್ಕೆ ಪುನಃ ಲಾಗೌಟ್. ಏನು ಮಾಡಲಿ?

ರಿಪೇರಿ_ಕಟ್ಟೆ | ರಾತ್ರಿ 9.52

ಅಕ್ಕ, ಮೊದಲು ಆ ಫೋನಿನಿಂದ ಸಿಮ್ ತೆಗೆಯಿರಿ, ವೈಫೈ ಆಫ್ ಮಾಡಿ. ಈ ಕ್ಷಣವೇ. ಎಸ್‌ಎಂಎಸ್ ಓದಲು ಆ ಆ್ಯಪ್‌ಗೆ ನೀವು ಅನುಮತಿ ಕೊಟ್ಟಿದ್ದೀರಿ. ಬರುವ ಪ್ರತಿ ಒಟಿಪಿ ಕಳ್ಳರಿಗೂ ಹೋಗುತ್ತಿದೆ, ಬ್ಯಾಂಕಿನ ಮೆಸೇಜ್ ನಿಮಗೆ ಕಾಣದಂತೆ ಅದು ಅಡಗಿಸುತ್ತಿದೆ. ಅದೇ ಫೋನಿನಲ್ಲಿ ನೀವು ಎಷ್ಟು ಸಲ ವಾಟ್ಸಾಪ್ ಹಾಕಿದರೂ ಕೋಡ್ ಅವರ ಕೈಗೆ ಸಿಗುತ್ತದೆ. ಐದು ನಿಮಿಷಕ್ಕೆ ಲಾಗೌಟ್ ಆಗುವುದು ಅದಕ್ಕೇ.

ಸಿಮ್ಮನ್ನು ಮನೆಯಲ್ಲಿರುವ ಹಳೆ ಕೀಪ್ಯಾಡ್ ಫೋನಿಗೆ ಹಾಕಿ. ಅದರಿಂದಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾವ ಬ್ಯಾಂಕ್, ಎಷ್ಟು ಹೊತ್ತಿಗೆ, ಎಷ್ಟು ಹೋಯಿತು ಹೇಳಿ. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ, ಬೆಳಗ್ಗೆ ನೋಡೋಣ ಅನ್ನಬೇಡಿ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. ಸಹಾಯವಾಣಿ ನಂಬರ್ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ಕಳ್ಳ ನಂಬರ್ ಇರುತ್ತವೆ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರೇ ಸಾಕು.

ಖಾರಪುಡಿ_ಹಾವೇರಿ | ರಾತ್ರಿ 11.15

ಆಯಿತು ಸರ್. 1930ರವರು ದೂರಿನ ನಂಬರ್ ಕೊಟ್ಟರು, ಕಾರ್ಡ್ ಬ್ಲಾಕ್ ಆಯಿತು. ಯಜಮಾನರ ಫೋನಿನಲ್ಲಿ ವಾಟ್ಸಾಪ್ ಹಾಕಿ ಎಸ್‌ಎಂಎಸ್‌ನ ಆರಂಕಿ ಕೋಡ್ ಕೊಟ್ಟೆ. ಈಗ ಇನ್ನೊಂದು ಪಿನ್ ಕೇಳುತ್ತಿದೆ. ನಾನು ಯಾವ ಪಿನ್ನೂ ಇಟ್ಟಿರಲಿಲ್ಲ.

ರಿಪೇರಿ_ಕಟ್ಟೆ | ರಾತ್ರಿ 11.21

ಅದು ಅವರು ಇಟ್ಟ ಎರಡು ಹಂತದ ಪಿನ್. 7 ದಿನ ಕಾಯಬೇಕು, ಆಮೇಲೆ ಪಿನ್ ಇಲ್ಲದೆ ಒಳಗೆ ಹೋಗಬಹುದು. ಆದರೆ ಗಾಬರಿ ಬೇಡ. ನೀವು ಎಸ್‌ಎಂಎಸ್ ಕೋಡ್ ಹಾಕಿದ ಕೂಡಲೇ ಅವರು ಹೊರಗೆ ಬಿದ್ದಿದ್ದಾರೆ. ಈಗಿನಿಂದ ನಿಮ್ಮ ಹೆಸರಲ್ಲಿ ಯಾರಿಗೂ ಮೆಸೇಜ್ ಕಳಿಸಲು ಅವರಿಗೆ ಆಗಲ್ಲ.

ಈ ಏಳು ದಿನ ಗಿರಾಕಿಗಳಿಗೆ ಸಾದಾ ಎಸ್‌ಎಂಎಸ್ ಹಾಕಿ, ದೊಡ್ಡ ಆರ್ಡರಿನವರಿಗೆ ಖುದ್ದು ಫೋನ್ ಮಾಡಿ. ಮರ್ಯಾದೆ ಪ್ರಶ್ನೆ ಅಂತ ಸುಮ್ಮನಿರಬೇಡಿ. ನೀವು ಹೇಳದಿದ್ದರೆ ಇನ್ನೊಬ್ಬರು ಆ ಕ್ಯೂಆರ್‌ಗೆ ಹಣ ಹಾಕುತ್ತಾರೆ. ಟೆಂಪೋ ಅಣ್ಣನಿಗೂ ಹೇಳಿ, ಅವರ ಫೋನೂ ಹೀಗೇ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ಲೆಕ್ಕದ_ಪುಸ್ತಕ | ಮಂಗಳವಾರ, ಬೆಳಗ್ಗೆ 8.05

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಅಕ್ಕ, ಇವತ್ತೇ ಶಾಖೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ, ಪ್ರತಿಯ ಮೇಲೆ ಸೀಲು, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಆರ್‌ಬಿಐ 2017ರಲ್ಲಿ ತಂದ ನಿಯಮದ ಪ್ರಕಾರ ಕಾರ್ಡ್ ವಿವರ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ನಿನ್ನೆ ರಾತ್ರಿ ಕಾರ್ಡ್ ಬ್ಲಾಕ್ ಮಾಡಿಸಿದ ಹೊತ್ತು ಮುಖ್ಯ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಿ. ತಡೆಹಿಡಿದ ಹಣ ತಾನಾಗೇ ಖಾತೆಗೆ ಬಂದು ಬೀಳಲ್ಲ, ಹಿಂದೆ ಬಿದ್ದು ಕೇಳಬೇಕು.

ಇನ್ನೊಂದು ಮಾತು. ಒಟಿಪಿ ಬರುವ ಸಿಮ್ ಅಂದರೆ ನಿಮ್ಮ ಗಲ್ಲಾಪೆಟ್ಟಿಗೆ. ಎಲ್ಲರೂ ಫೋಟೊ, ಫೈಲ್ ಕಳಿಸುವ ಫೋನಿನಲ್ಲಿ ಅದನ್ನು ಇಡಬೇಡಿ. ಬ್ಯಾಂಕಿಗೆ ಬೇರೆ ನಂಬರ್ ಕೊಟ್ಟು, ಅದನ್ನು ಆ ಕೀಪ್ಯಾಡ್ ಫೋನಿನಲ್ಲೇ ಬಿಡಿ. ನಾನು ಲೆಕ್ಕ ಬರೆಯುವ ಅಂಗಡಿಗಳಿಗೆಲ್ಲ ಹೀಗೇ ಮಾಡಿಸಿದ್ದೇನೆ.

ರಿಪೇರಿ_ಕಟ್ಟೆ | ಬೆಳಗ್ಗೆ 8.40

ಇದು ಒಳ್ಳೆಯ ಸಲಹೆ. ಕೆಟ್ಟ ಫೋನಿನಲ್ಲಿ ಆ ಆ್ಯಪ್ ಹುಡುಕಿ ತೆಗೆಯುತ್ತಾ ಕೂರಬೇಡಿ. ಠಾಣೆಯಲ್ಲಿ ತೋರಿಸಿ, ಅವರು ಸರಿ ಅಂದ ಮೇಲೆ ಫೋಟೊ ಮಾತ್ರ ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡಿ. ಜಿಮೇಲ್ ಪಾಸ್‌ವರ್ಡ್ ಯಜಮಾನರ ಫೋನಿನಿಂದ ಬದಲಿಸಿ. ಸಿಮ್ ಫೋನಿನಲ್ಲಿ ಇರುವಾಗ ##002# ಒತ್ತಿ ಕರೆ ಮಾಡಿ. ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ಅದು ರದ್ದಾಗುತ್ತದೆ.

ಮುಂದೆ ದಂಡ ಇದೆಯಾ ಅಂತ ಅನುಮಾನ ಬಂದರೆ ಪರಿವಾಹನ್ ಈ-ಚಲನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ಚಲನ್ ಯಾವತ್ತೂ ಎಪಿಕೆ ಆಗಿ ಬರಲ್ಲ.

ಖಾರಪುಡಿ_ಹಾವೇರಿ | ಮುಂದಿನ ಮಂಗಳವಾರ, ಸಂಜೆ 6.10

ಏಳು ದಿನ ಕಳೆಯಿತು, ವಾಟ್ಸಾಪ್ ಸಿಕ್ಕಿತು. ಈ ಸಲ ನನ್ನದೇ ಪಿನ್ ಇಟ್ಟಿದ್ದೇನೆ. ಹೋದದ್ದರಲ್ಲಿ 11,000 ತಡೆಹಿಡಿದಿದ್ದಾರಂತೆ, ಠಾಣೆಗೆ ಎರಡು ಸಲ ಹೋಗಿ ಬಂದೆ. ಮೂವತ್ತು ಗಿರಾಕಿಗಳಿಗೆ ಫೋನ್ ಮಾಡಿದೆ. ಒಬ್ಬರು 600 ಹಾಕಿಬಿಟ್ಟಿದ್ದರು, ಅವರಿಗೆ ಅಷ್ಟು ಬೆಲೆಯ ಪುಡಿ ಕಳಿಸಿದೆ. ನನ್ನನ್ನು ನಂಬಿ ಹಾಕಿದವರು, ಅಲ್ವಾ.

ಒಂದೇ ಅನುಮಾನ. ರೀಸೆಟ್ ಆದ ಫೋನಿಗೆ ಹಳೆ ಚಾಟ್ ಬ್ಯಾಕಪ್ ವಾಪಸ್ ಹಾಕಬಹುದಾ? ಆರ್ಡರ್ ವಿಳಾಸ ಎಲ್ಲ ಅದರಲ್ಲೇ ಇದೆ.

ರಿಪೇರಿ_ಕಟ್ಟೆ | ಸಂಜೆ 6.25

ಹಾಕಬಹುದು ಅಕ್ಕ. ಚಾಟ್ ವಾಪಸ್ ಬಂದ ಮಾತ್ರಕ್ಕೆ ಆ ಆ್ಯಪ್ ಬರಲ್ಲ. ಆದರೆ ಟೆಂಪೋ ಅಣ್ಣನ ಚಾಟ್‌ನಲ್ಲಿ ಆ ಫೈಲ್ ಇನ್ನೂ ಕೂತಿರಬಹುದು. ಮಕ್ಕಳ ಕೈಗೆ ಫೋನ್ ಹೋಗುವ ಮೊದಲು ಅದನ್ನು ಅಳಿಸಿಬಿಡಿ.